ಎಡಗಡೆಯ ವಿಚಾರ

ಮನೆ, ಹೊಲಿಗೆ ಕೋಣೆ
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಉದ್ದಣ್ಣಾ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡ್ತಿದ್ದೀಯಾ? ಆ ಕೋಲ್ಡ್ ಸ್ಟೋರೇಜಿನಲ್ಲಿ ಹಗಲೆಲ್ಲ ಥಂಡಿಯಲ್ಲೇ ಇರಬೇಕಂತೆ, ನಿನ್ನ ಓಟದ ಜೊತೆಗಾರ ಹೇಳಿದ. ವಿಳಾಸ ಕೊಟ್ಟವನೂ ಅವನೇ, ಅವನ ಮೇಲೆ ರೇಗಬೇಡ. ಕಿವಿಗೆ ಏನಾದರೂ ಸುತ್ತಿಕೊ, ನಿನಗೆ ಚಿಕ್ಕಂದಿನಿಂದ ಥಂಡಿ ಮೊದಲು ಹತ್ತೋದು ಕಿವಿಗೇ. ಮಲಗೋಕೆ ಮಂಚ ಇದೆಯಾ? ಇದ್ದರೂ ಪಾದ ಆಚೆಗೇ ಇರುತ್ತೆ, ನನಗೆ ಗೊತ್ತು. ನಿನ್ನ ಪ್ಯಾಂಟಿನ ಮಡಿಕೆ ಬಿಚ್ಚಿ ಬಿಚ್ಚಿ ಸುಸ್ತಾದ ಕೈ ಇದು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತೆ, ಕ್ಷೇಮ ಇಲ್ಲ ಅಂತ ಬರೆದರೆ ನೀನು ಗಾಬರಿಯಾಗ್ತೀಯ. ನಿಮ್ಮಮ್ಮ ಆರಾಮಾಗಿದ್ದಾಳೆ, ನನ್ನ ಕಾಲು ತಿಕ್ಕುವ ಕೆಲಸವೊಂದು ಅವಳಿಗೆ ಜಾಸ್ತಿಯಾಗಿದೆ. ನನ್ನ ಕಾಲಿಗೆ ಏನೂ ಆಗಿಲ್ಲ. ಮತ್ತೆ ಯಾಕೆ ತಿಕ್ಕುತ್ತಾಳೆ ಅನ್ನೋದನ್ನ ಮುಂದೆ ಹೇಳ್ತೀನಿ. ನಿಮ್ಮಪ್ಪ ವ್ಯಾನು ಓಡಿಸಿಕೊಂಡು ಇದ್ದಾನೆ. ಮೊದಲೇ ಅವನದು ಅಳೆದು ತೂಗಿ ಮಾತು, ಈಗ ಅಳೆಯೋಕೂ ಏನೂ ಇಲ್ಲ.

ಫೋನ್ ಮಾಡಿದರೆ ನೀನು ಎತ್ತೋದಿಲ್ಲ. ಎತ್ತಿದರೂ ನನಗೆ ಕೇಳಿಸಬೇಕಾದರೆ ನೀನು ಕೂಗಬೇಕು, ನೀನು ಕೂಗಿದೆ ಅಂತ ನಾನೂ ಕೂಗ್ತೀನಿ. ಈ ವಿಚಾರವೋ, ನಡುಮನೆಯಲ್ಲಿ ನಿಂತು ಕೂಗುವಂಥದ್ದಲ್ಲ. ಅದಕ್ಕೇ ಬರೆಯೋಕೆ ಕೂತೆ. ಬಾಗಿಲು ಹಾಕಿಕೊಂಡಿದ್ದೇನೆ. ನಡುನಡುವೆ ಸುಮ್ಮನೆ ಮಷೀನಿನ ಪೆಡಲ್ ತುಳಿಯುತ್ತೇನೆ, ಮುದುಕ ಕೆಲಸ ಮಾಡುತ್ತಿದ್ದಾನೆ ಅಂತ ಹೊರಗಿನವರು ಅಂದುಕೊಳ್ಳಲಿ.

ನೀನು ಅಗ್ನಿಶಾಮಕ ದಳದ ಓಟ ಗೆದ್ದೆ, ಹಗ್ಗ ಹತ್ತಿದೆ, ಮರಳಿನ ಮೂಟೆ ಹೊತ್ತು ಓಡಿದೆ. ಇನ್ನು ಮೆಡಿಕಲ್ ಅನ್ನೋದು ಹೆಸರಿಗಷ್ಟೇ ಅಂದುಕೊಂಡಿದ್ದೆವು. ಅದನ್ನು ಮುಗಿಸಿ ಬಂದವನು ಷೂ ಬಿಚ್ಚುತ್ತಾ ‘ಆಗಲಿಲ್ಲ’ ಅಂದೆ, ಅಷ್ಟೇ. ಕಣ್ಣು ಸರಿಯಿಲ್ಲ ಅಂದರಾ ಅಂತ ನಿಮ್ಮಮ್ಮ ಕೇಳಿದಳು, ನೀನು ಹೂಂ ಅಂದುಬಿಟ್ಟೆ. ‘ಅಷ್ಟು ವರ್ಷ ಓಡಿ ಓಡಿ ಎಲ್ಲಿಗೆ ಬಂದು ನಿಂತೆಯಪ್ಪಾ’ ಅಂತ ನಿಮ್ಮಪ್ಪ ಅಂದ. ಅವನ ಬಾಯಿಂದ ಅದು ಹಾಗೆ ಬರಬಾರದಿತ್ತು. ಮಾರನೇ ಬೆಳಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಈ ಕೋಣೆಗೆ ಬಂದೆ. ಮೇಜಿನ ಮೇಲಿದ್ದ ಸೀಮೆಸುಣ್ಣದ ಚೂರನ್ನ ತಿರುಗಿಸುತ್ತಾ, ನನ್ನ ಮುಖ ನೋಡದೆ ಹೇಳಿದೆ: ‘ತಾತ, ವೆರಿಕೋಸೀಲ್ ಅಂತೆ. ಎಡಗಡೆ ನರ ಊದಿದೆಯಂತೆ. ಅಲ್ಲಿ. ಇದು ಇದ್ದವರಿಗೆ ಮಕ್ಕಳೂ ಆಗಲ್ಲ ಅಂತ ಸಾಲಿನಲ್ಲಿದ್ದವನೊಬ್ಬ ಹೇಳಿದ. ಯಾರಿಗೂ ಹೇಳಬೇಡ.’ ನಾನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಮಾತಾಡುವಷ್ಟರಲ್ಲಿ ನೀನು ಮೆಟ್ಟಿಲಿಳಿದಾಗಿತ್ತು.

ನಿಜ ಹೇಳಲಾ? ಆ ಹೆಸರಿನಲ್ಲಿ ನನಗೆ ಅರ್ಥವಾಗಿದ್ದು ‘ಸೀಲ್’ ಅನ್ನೋದೊಂದೇ. ಯಾವುದೋ ಕಾಗದಕ್ಕೆ ಸೀಲ್ ಬಿದ್ದಿಲ್ಲ, ಅದಕ್ಕೇ ವಾಪಸ್ ಕಳಿಸಿದ್ದಾರೆ ಅಂದುಕೊಂಡೆ. ಹಾಗಾದರೆ ಎಡಗಡೆ ಊದಿದ್ದು ಯಾವುದು? ಅದನ್ನೇ ಯೋಚಿಸುತ್ತಾ ಒಂದು ಪ್ಯಾಂಟ್ ಹೊಲಿದೆ. ಮುಗಿಸಿ ನೋಡಿದರೆ ಎರಡೂ ಎಡಗಾಲೇ ಆಗಿತ್ತು.

ಎಡಗಡೆ ಅನ್ನೋದು ನನಗೇನೂ ಹೊಸ ವಿಚಾರ ಅಲ್ಲ ನೋಡು. ಪ್ಯಾಂಟಿನ ಅಳತೆ ತೆಗೆಯುವವನು ಗಿರಾಕಿಯನ್ನು ಮೆಲ್ಲಗೆ ‘ಎಡಕ್ಕೋ ಬಲಕ್ಕೋ’ ಅಂತ ಕೇಳಲೇಬೇಕು, ಆ ಕಡೆಗೆ ಚೂರು ಸಡಿಲ ಬಿಡಲೇಬೇಕು. ಮುಕ್ಕಾಲು ಪಾಲು ಗಂಡಸರು ಎಡಕ್ಕೇ ಅಂತಾರೆ. ಹಾಗಾದರೆ ನಾನು ಅಳತೆ ತೆಗೆದವರಿಗೆಲ್ಲ ಈ ಕಾಯಿಲೆಯೇ ಇತ್ತಾ ಅಂತ ದಿಗಿಲಾಯ್ತು. ಆಮೇಲೆ ಅದಕ್ಕಿಂತ ದೊಡ್ಡ ದಿಗಿಲು ಹತ್ತಿತು. ನಿನ್ನ ಓಟದ ಚಡ್ಡಿ ಹೊಲಿದವನು ನಾನು. ‘ಇನ್ನೂ ಬಿಗಿ ಮಾಡು ತಾತ, ಗಾಳಿ ಹಿಡಿಯುತ್ತೆ’ ಅಂತ ನೀನು ಅಂದೆ, ನಾನೂ ಬಿಗಿ ಮಾಡಿದೆ. ಆ ಬಿಗಿಗೇ ಹೀಗಾಯ್ತಾ? ಎರಡು ದಿನ ಸೂಜಿಗೆ ದಾರ ಪೋಣಿಸೋಕೂ ಮನಸ್ಸಾಗಲಿಲ್ಲ.

ಯಾರನ್ನಾದರೂ ಕೇಳಬೇಕಲ್ಲ, ಕ್ಷೌರದಂಗಡಿಯ ನನ್ನ ಗೆಳೆಯನನ್ನ ಕೇಳಿದೆ. ಹೆಸರು ಹೇಳಲಿಲ್ಲ, ‘ಗೊತ್ತಿರೋರೊಬ್ಬರಿಗೆ’ ಅಂದೆ. ಅವನು ಕತ್ತರಿ ನಿಲ್ಲಿಸಿ ಕನ್ನಡಿಯೊಳಗಿನ ನನ್ನನ್ನೇ ಕನಿಕರದಿಂದ ನೋಡಿದ. ‘ನರ ಅಂದಮೇಲೆ ನರದೌರ್ಬಲ್ಯವೇ, ಗೋಡೆ ಮೇಲೆಲ್ಲ ಅಂಟಿಸಿರ್ತಾರಲ್ಲ’ ಅಂದ. ಅಲ್ಲಯ್ಯಾ, ಊದಿದೆಯಂತೆ ಅಂದೆ. ‘ಹಾಗಾದರೆ ಅದು ಅಂಡವಾಯು. ನೀರು ತುಂಬಿರುತ್ತೆ, ಸೂಜಿ ಚುಚ್ಚಿ ತೆಗೀತಾರೆ’ ಅಂದ. ಮಕ್ಕಳಾಗೋದಿಲ್ಲವಂತೆ ಹೌದಾ ಅಂದೆ. ಆಗ ಅವನು ನನ್ನ ಭುಜದ ಮೇಲೆ ಕೈಯಿಟ್ಟು, ‘ಈ ವಯಸ್ಸಿನಲ್ಲಿ ಇನ್ನು ಯಾಕೆ ಆ ಚಿಂತೆ ಬಿಡು’ ಅನ್ನಬೇಕಾ! ನಾಚಿಕೆಯಿಂದ ಒಂದು ಕಿವಿಯ ಹಿಂದಿನ ಕೂದಲು ಬಿಟ್ಟು ಎದ್ದು ಬಂದೆ. ಈಗಲೂ ಅದು ಹಾಗೇ ಇದೆ.

ಔಷಧಿ ಅಂಗಡಿಯ ಕಥೆ ಇದಕ್ಕಿಂತ ಚೆಂದ. ಅಲ್ಲಿ ಜನವೋ ಜನ, ಪಕ್ಕದಲ್ಲೊಬ್ಬ ಹೆಂಗಸು ಕೂಸನ್ನೆತ್ತಿಕೊಂಡು ನಿಂತಿದ್ದಾಳೆ. ನಾನು ಬಾಯಿಗೆ ಕೈ ಅಡ್ಡ ಹಿಡಿದು ‘ವೆರಿಕೋ...’ ಅಂದೆನೋ ಇಲ್ಲವೋ, ಅವನು ಬೀದಿಗೆಲ್ಲ ಕೇಳಿಸುವಂತೆ ‘ವೆರಿಕೋಸ್ ವೇನಾ? ನಿಂತು ಕೆಲಸ ಮಾಡೋರಿಗೆ ಆಗೋದೇ ಬಿಡಿ’ ಅಂತ ತೊಡೆಯ ತನಕ ಬರೋ ಒಂದು ಜೊತೆ ಬಿಗಿ ಕಾಲುಚೀಲ ತೆಗೆದು ಮುಂದಿಟ್ಟ. ಬೇಡ ಅನ್ನೋಕೆ ಕಾರಣ ಹೇಳಬೇಕಲ್ಲ, ತಗೊಂಡೆ. ಮನೆಗೆ ಬಂದು ಮೇಜಿನ ಮೇಲೆ ಹರಡಿಕೊಂಡು, ಕಾಲಿನ ಚೀಲವನ್ನ ಆ ಜಾಗಕ್ಕೆ ಹೇಗಪ್ಪಾ ಹಾಕೋದು, ಕತ್ತರಿಸಬೇಕಾ ಮಡಿಸಬೇಕಾ ಅಂತ ಟೇಪು ಹಿಡಿದು ನಿಂತಿದ್ದಾಗ ನಿಮ್ಮಮ್ಮ ಬಂದಳು. ‘ಕಾಲು ಇಷ್ಟು ನೋಯ್ತಿದ್ರೆ ಬಾಯಿ ಬಿಟ್ಟು ಹೇಳಬಾರದಾ ಮಾವ’ ಅಂದಳು. ಅವತ್ತಿನಿಂದ ದಿನಾ ಸಂಜೆ ಎಣ್ಣೆ ತಿಕ್ಕುತ್ತಾಳೆ. ನಾನೂ ಆಗಾಗ ‘ಅಮ್ಮಾ’ ಅಂತೀನಿ, ಇಲ್ಲದಿದ್ದರೆ ಅವಳಿಗೆ ಅನುಮಾನ ಬರುತ್ತೆ.

ಕಡೆಗೆ ದೊಡ್ಡಾಸ್ಪತ್ರೆಗೇ ಹೋದೆ. ಕೌಂಟರಿನಲ್ಲಿ ಯಾರಿಗೆ ತೊಂದರೆ ಅಂದರು. ನೀನು ಯಾರಿಗೂ ಹೇಳಬೇಡ ಅಂದಿದ್ದೆಯಲ್ಲ, ನನಗೇ ಅಂದೆ. ಮೂತ್ರರೋಗ ತಜ್ಞರು ಅಂತ ಬರೆದಿದ್ದ ಬಾಗಿಲ ಮುಂದೆ ಕೂರಿಸಿದರು. ಮೂತ್ರಕ್ಕೂ ಇದಕ್ಕೂ ಏನು ಸಂಬಂಧ ಅಂತ ಅಲ್ಲೂ ಗಲಿಬಿಲಿ. ಒಳಗೆ ಹೋದರೆ ಡಾಕ್ಟರು ಹೆಂಗಸು! ನಿನಗಿಂತ ಹತ್ತು ವರ್ಷ ದೊಡ್ಡವಳಿರಬೇಕು ಅಷ್ಟೇ. ನಾನು ಬಾಗಿಲಲ್ಲೇ ತಿರುಗಿದೆ. ‘ಬನ್ನಿ ತಾತ, ಎಲ್ಲ ತಾತಂದಿರೂ ಒಂದು ಸಲ ಹಿಂದೆ ತಿರುಗಿಯೇ ಒಳಗೆ ಬರೋದು’ ಅಂದಳು. ವೆರಿಕೋಸೀಲ್ ಅಂದೆ. ಎಲ್ಲಿ ನೋಡೋಣ ಅಂದಳು. ಇನ್ನೇನು ಮಾಡ್ಲಿ ಹೇಳು? ಗೋಡೆಯ ಕಡೆ ಮುಖ ಮಾಡಿ, ಅಷ್ಟು ವರ್ಷ ಬೇರೆಯವರ ಅಳತೆ ತೆಗೆದವನು ಅವತ್ತು ಅಳತೆ ಕೊಟ್ಟೆ. ಮಲಗಿಸಿ ನೋಡಿದಳು. ಎದ್ದು ನಿಲ್ಲಿ, ಬಾಯಿ ಮೂಗು ಮುಚ್ಚಿಕೊಂಡು ಹೊಟ್ಟೆ ಬಿಗಿಹಿಡಿದು ಮುಕ್ಕಿರಿ ಅಂದಳು. ಮುಕ್ಕಿದೆ. ‘ಹೌದು ತಾತ, ಇದೆ’ ಅಂದುಬಿಟ್ಟಳು.

ಉದ್ದಣ್ಣಾ, ಸುಳ್ಳು ಹೇಳೋಕೆ ಹೋದರೆ ಅದೇ ನಿಜವಾಗಿ ಎದುರಿಗೆ ಬಂತು! ಹಳೇದು, ಎಷ್ಟೋ ವರ್ಷದಿಂದ ಇರಬೇಕು ಅಂದಳು. ಸಂಜೆ ಹೊತ್ತಿಗೆ ಎಡಗಡೆ ಜಗ್ಗಿದ ಹಾಗೆ, ಭಾರ ಬಿದ್ದ ಹಾಗೆ ಆಗುತ್ತಾ, ಮಲಗಿದರೆ ಹೋಗುತ್ತಾ ಅಂದಳು. ಆಗುತ್ತೆ, ಹೋಗುತ್ತೆ. ಅದನ್ನ ನಾನು ನಿಂತು ಬಟ್ಟೆ ಕತ್ತರಿಸೋದಕ್ಕೆ ಅಂದುಕೊಂಡಿದ್ದೆ. ಎಲ್ಲ ದರ್ಜಿಗಳಿಗೂ ಹಾಗೇ ಆಗುತ್ತೆ ಅಂತಲೇ ನನ್ನ ನಂಬಿಕೆ. ವಯಸ್ಸಾದವರಲ್ಲಿ ಮೂತ್ರಪಿಂಡ ಒಂದು ಸಲ ನೋಡಿಕೊಳ್ಳೋದು ಒಳ್ಳೇದು ಅಂತ ತಣ್ಣನೆಯ ಅಂಟು ಬಳಿದು ಸ್ಕ್ಯಾನ್ ಮಾಡಿಸಿದಳು. ಅಲ್ಲೇನೂ ಇಲ್ಲ, ಗಾಬರಿಯಾಗಬೇಡ. ‘ಮಕ್ಕಳೆಷ್ಟು ತಾತ’ ಅಂದಳು. ಮೂರು ಅಂದೆ. ಅಂದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಮೂರು! ನಿಮ್ಮಪ್ಪ, ನಿನ್ನ ಇಬ್ಬರು ಅತ್ತೆಯರು. ಹಾಗಾದರೆ ಆ ಸಾಲಿನಲ್ಲಿದ್ದವನು ನಿನಗೆ ಹೇಳಿದ್ದೇನು? ಅಲ್ಲಿಗೆ ನನ್ನ ಕೈಯಲ್ಲಿ ತಡೆಯೋಕಾಗಲಿಲ್ಲ, ಕೂತು ನಿನ್ನ ವಿಚಾರ ಎಲ್ಲ ಹೇಳಿಬಿಟ್ಟೆ. ಹೆಸರು ಹೇಳಿಲ್ಲ, ಮೊಮ್ಮಗ ಅಂದೆ ಅಷ್ಟೇ. ಅವಳು ಪೆನ್ನು ಕೆಳಗಿಟ್ಟು ‘ಮೊದಲೇ ಹೇಳಿದ್ದರೆ ನಿಮ್ಮನ್ನ ಮುಕ್ಕಿಸ್ತಾನೇ ಇರಲಿಲ್ಲವಲ್ಲ’ ಅಂತ ನಕ್ಕಳು. ಆಮೇಲೆ ಹೊರಗೆ ಜನ ಕಾಯುತ್ತಿದ್ದರೂ ನನಗೆ ಬಿಡಿಸಿ ಹೇಳಿದಳು.

ನನಗೆ ತಿಳಿದಷ್ಟು ಬರೀತೀನಿ, ತಪ್ಪಿದ್ದರೆ ನನ್ನ ತಲೆಯದು, ಅವಳದಲ್ಲ. ಮೊದಲನೇದು, ಅದು ನಾವಂದುಕೊಂಡ ನರವೇ ಅಲ್ಲ, ರಕ್ತನಾಳ. ನಾವು ಎರಡಕ್ಕೂ ನರ ಅಂತೀವಿ, ಅದಕ್ಕೇ ಕ್ಷೌರದವನು ಗೋಡೆಯ ಪೋಸ್ಟರಿಗೆ ಹೋಗಿಬಿಟ್ಟ. ವೃಷಣದಿಂದ ರಕ್ತ ವಾಪಸ್ ಮೇಲಕ್ಕೆ ಹತ್ತಬೇಕು. ಹತ್ತಿದ್ದು ಜಾರಿ ಬೀಳದ ಹಾಗೆ ನಾಳದೊಳಗೆ ಪುಟ್ಟ ಪುಟ್ಟ ಬಾಗಿಲುಗಳಿರುತ್ತವಂತೆ, ಒಂದೇ ಕಡೆಗೆ ತೆರೆಯುವಂಥವು. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗೇ ನಿಂತು ನಾಳಗಳು ಊದಿ ಸುತ್ತಿಕೊಳ್ಳುತ್ತವೆ. ಕೈಗೆ ಹುಳುಗಳ ಚೀಲದ ಹಾಗೆ ಸಿಗುತ್ತೆ ಅಂದಳು. ನನಗೆ ಹುಳ ಬೇಡ ಅನ್ನಿಸಿತು, ಬಾಬಿನ್ನಿನ ಕೆಳಗೆ ಸಿಕ್ಕಾದ ದಾರ ಅಂತ ಇಟ್ಟುಕೊಂಡೆ. ಎಡಗಡೆಯೇ ಯಾಕೆ ಅಂದರೆ, ಎಡಗಡೆಯ ನಾಳ ಜಾಸ್ತಿ ದೂರ ಹತ್ತಿ ಮೂತ್ರಪಿಂಡದ ನಾಳಕ್ಕೆ ನೆಟ್ಟಗೆ ಹೋಗಿ ಗುದ್ದುತ್ತಂತೆ, ಬಲಗಡೆಯದು ಓರೆಯಾಗಿ ಸಲೀಸಾಗಿ ಸೇರಿಕೊಳ್ಳುತ್ತಂತೆ. ಗಂಡಸರಲ್ಲಿ ಎಷ್ಟೋ ಜನಕ್ಕೆ ಇದು ಇರುತ್ತೆ, ಗೊತ್ತೇ ಆಗದೆ ಬದುಕಿ ಮುಗಿಸ್ತಾರೆ, ನಿಮ್ಮ ಹಾಗೆ ಅಂದಳು. ‘ಮುಗಿಸ್ತಾರೆ’ ಅನ್ನೋದು ನನಗೆ ಹಿಡಿಸಲಿಲ್ಲ. ಎಡಕ್ಕೆ ತುಸು ಇಳಿದಿರೋದು ಹೆಚ್ಚಿನವರಿಗೆ ಇರೋದೇ, ಅದು ಬೇರೆ ಇದು ಬೇರೆ ಅಂತಲೂ ಹೇಳಿದಳು. ಚಡ್ಡಿಯ ವಿಚಾರ ಕೇಳಿದೆ. ಚಡ್ಡಿಯಿಂದ ಇದು ಬರೋದಿಲ್ಲವಂತೆ. ನೋವಿದ್ದರೆ ಸ್ವಲ್ಪ ಎತ್ತಿ ಹಿಡಿಯುವಂಥ ಒಳಚಡ್ಡಿಯೇ ಹಾಕಿಕೊಳ್ಳಿ ಅಂತ ಅವರೇ ಹೇಳ್ತಾರಂತೆ. ಅವತ್ತು ನನ್ನ ಎದೆ ಮೇಲಿದ್ದ ಇಸ್ತ್ರಿಪೆಟ್ಟಿಗೆ ಇಳಿಸಿದ ಹಾಗಾಯ್ತು.

ಮಕ್ಕಳ ವಿಚಾರ. ಬೀಜ ತಂಪಾಗಿರಬೇಕಂತೆ, ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಕಮ್ಮಿ. ಅದಕ್ಕೇ ದೇವರು ಅದನ್ನ ಒಳಜೇಬಿನಲ್ಲಿ ಇಡದೆ ಹೊರಜೇಬು ಹೊಲಿದು ಇಟ್ಟಿರೋದು. ಈ ರಕ್ತ ನಿಂತರೆ ಬಿಸಿ ಜಾಸ್ತಿಯಾಗಿ ಕೆಲವರಿಗೆ ವೀರ್ಯಾಣು ಕಮ್ಮಿಯಾಗಬಹುದು. ಕೆಲವರಿಗೆ. ಎಲ್ಲರಿಗೂ ಅಲ್ಲ. ಇದು ಇರುವ ಹೆಚ್ಚಿನವರು ಅಪ್ಪಂದಿರಾಗಿದ್ದಾರೆ. ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿದರೆ ತಿಳಿಯುತ್ತೆ, ಸಾಲಿನಲ್ಲಿ ನಿಂತವನನ್ನ ಕೇಳಿದರೆ ತಿಳಿಯಲ್ಲ ಅಂದಳು. ಹಾಗಾದರೆ ನಮ್ಮ ಹುಡುಗ ಸರಿಯಿದ್ದಾನೆ ಅಂತ ಬರೆದುಕೊಡಿ ಅಂದೆ. ‘ನೋಡದೆ ಹೇಗೆ ತಾತ? ಅವನನ್ನ ಕರ್ಕೊಂಡು ಬನ್ನಿ’ ಅಂದಳು.

ಇನ್ನು ಆಪರೇಷನ್ನು. ಇಲ್ಲಿಂದ ಮುಂದೆ ನನಗೆ ಪೂರ್ತಿ ಗೋಜಲು. ನೋವಿಲ್ಲ, ಪರೀಕ್ಷೆಯೂ ಚೆನ್ನಾಗಿ ಬಂತು ಅಂದರೆ ಏನೂ ಮಾಡೋದು ಬೇಡವಂತೆ. ಮಾಡಬೇಕಾದರೆ ತೊಡೆಸಂದಿಯ ಹತ್ತಿರ ಸಣ್ಣಗೆ ಕೊಯ್ದು, ದೊಡ್ಡದಾಗಿ ಕಾಣಿಸುವ ಗಾಜಿನಲ್ಲಿ ನೋಡುತ್ತಾ, ಊದಿದ ನಾಳಗಳನ್ನ ಮಾತ್ರ ದಾರದಲ್ಲಿ ಕಟ್ಟಿಬಿಡ್ತಾರೆ. ಇಲ್ಲವೆಂದರೆ ಕೊಯ್ಯದೆಯೇ ಸಪೂರ ಕೊಳವೆಯೊಂದನ್ನ ನಾಳದೊಳಗೆ ಬಿಟ್ಟು ಅಲ್ಲೇ ಬಿರಡೆ ಹಾಕೋದೂ ಉಂಟಂತೆ. ಕಟ್ಟಿಬಿಟ್ಟರೆ ರಕ್ತ ಹೇಗೆ ಹೋಗುತ್ತೆ ಅಂದೆ. ಬೇರೆ ದಾರಿಗಳಿವೆ, ಅದು ಹುಡುಕಿಕೊಳ್ಳುತ್ತೆ ಅಂದಳು. ಅವತ್ತೇ ಅಥವಾ ಮಾರನೇ ದಿನ ಮನೆಗೆ ಕಳಿಸ್ತಾರೆ, ಆಮೇಲೆ ಕೆಲವು ವಾರ ಭಾರ ಎತ್ತಬಾರದು. ಇಷ್ಟಾದರೂ ಕೆಲವರಿಗೆ ಮತ್ತೆ ಬರಬಹುದು, ಕೆಲವರಿಗೆ ಅಲ್ಲಿ ನೀರು ತುಂಬಬಹುದು ಅಂದಳು. ನೀರು! ಹಾಗಾದರೆ ಕ್ಷೌರದವನು ಹೇಳಿದ್ದೂ ಸುಳ್ಳಲ್ಲವಾ? ಅದು ಆಪರೇಷನ್ನಿನ ಮೇಲೆ, ಅದೂ ಅಪರೂಪಕ್ಕೆ, ಇದು ಅದಲ್ಲ ಅಂದಳು. ಅರ್ಥವಾದ ಹಾಗೆ ತಲೆಯಾಡಿಸಿದೆ. ಇದು ನನ್ನಿಂದ ನಿನಗೆ ಬಂತಾ ಅಂತ ಕೇಳಿದೆ. ಮನೆತನದಲ್ಲಿ ಕೆಲವು ಸಲ ಕಾಣಿಸುತ್ತೆ, ಹಾಗಂತ ನಿಮ್ಮಿಂದಲೇ ಅಂತ ಯಾರೂ ಹೇಳೋಕಾಗಲ್ಲ ಅಂದಳು. ನಿನ್ನ ಮೂಗು ನನ್ನದು ಅಂತ ಎಲ್ಲರೂ ಹೇಳಿದಾಗ ಎಷ್ಟು ಬೀಗುತ್ತಿದ್ದೆ. ಇದಕ್ಕೆ ಏನು ಮಾಡಲಿ, ಬೀಗಲಾ ಅಳಲಾ?

ಒಬ್ಬ ಡಾಕ್ಟರು ಇದು ಅಂಥ ಕಾಯಿಲೆಯೇ ಅಲ್ಲ ಅಂತಾರೆ, ಇನ್ನೊಬ್ಬ ಡಾಕ್ಟರು ಇದಕ್ಕೇ ನಿನ್ನನ್ನ ಬೇಡ ಅಂದರು. ಯಾರ ಮಾತು ಹಿಡಿಯೋದು? ಅದನ್ನೂ ಕೇಳಿಬಿಡೋಣ ಅಂತ ನೇಮಕಾತಿ ಕಚೇರಿಗೆ ಹೋದೆ. ಅಲ್ಲಿ ಕಿಟಕಿಯ ಹಿಂದಿದ್ದ ಹೆಂಗಸು ಯಾರ ವಿಚಾರವನ್ನೂ ಬೇರೆಯವರಿಗೆ ಹೇಳೋಕಾಗಲ್ಲ ಅಂದಳು. ಸರಿಯೇ. ಆದರೆ ನನ್ನ ಮುಖ ನೋಡಿ ಏನನ್ನಿಸಿತೋ, ಬೆಂಕಿಯ ಕೆಲಸದಲ್ಲಿ ಭಾರ ಎತ್ತಬೇಕು, ಮುಕ್ಕಬೇಕು, ನೋವು ಜಾಸ್ತಿಯಾದರೆ ಹುಡುಗರಿಗೇ ಕಷ್ಟ, ಅದಕ್ಕೆ ಇಂಥದ್ದಕ್ಕೆ ಸಾಮಾನ್ಯವಾಗಿ ‘ಸದ್ಯಕ್ಕೆ ಅನ್‌ಫಿಟ್’ ಅಂತಾರೆ. ಸರಿಮಾಡಿಸಿಕೊಂಡು ಗಾಯ ಮಾಗಿದ ಮೇಲೆ ಡಾಕ್ಟರ ಕಾಗದದ ಜೊತೆ ಬಂದರೆ ಇನ್ನೊಂದು ಸಲ ನೋಡ್ತಾರೆ, ಎಷ್ಟು ದಿನದೊಳಗೆ ಅನ್ನೋದನ್ನ ಅವನೇ ಬಂದು ಕೇಳಲಿ ಅಂದಳು. ಸದ್ಯಕ್ಕೆ! ನೀನು ಅನ್‌ಫಿಟ್ ಅನ್ನೋದನ್ನ ಹೊತ್ತುಕೊಂಡು ಬಂದೆ, ಸದ್ಯಕ್ಕೆ ಅನ್ನೋದನ್ನ ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದೆಯಾ? ಅಥವಾ ಅವರು ಹೇಳಲೇ ಇಲ್ಲವಾ? ಎರಡನೇ ಸಲ ಖಂಡಿತ ತಗೋತಾರೆ ಅಂತ ನಾನು ಹೇಳಲಾರೆ, ಅವಳೂ ಹೇಳಲಿಲ್ಲ.

ಹೀಗಿದೆ ನೋಡು ನನ್ನ ಸ್ಥಿತಿ, ಕೇಳೋಕೆ ಮುಂಚೆ ಒಂದೂ ಗೊತ್ತಿರಲಿಲ್ಲ, ಕೇಳಿದ ಮೇಲೆ ಹತ್ತು ಗೊತ್ತಾಗಿ ಹನ್ನೊಂದು ಮರೆತುಹೋಗಿದೆ. ಆಪರೇಷನ್ ಮಾಡಿಸಿಕೊ ಅಂತ ನಾನು ಹೇಳ್ತಿಲ್ಲ, ಬೇಡ ಅಂತಲೂ ಹೇಳ್ತಿಲ್ಲ. ಮೈ ನಿನ್ನದು, ಓಡಿದವನೂ ನೀನು. ಒಂದು ಸಲ ಬಂದು ಆ ಡಾಕ್ಟರಮ್ಮನ ಮುಂದೆ ಕೂತು ನೀನೇ ಕೇಳು, ಆಮೇಲೆ ನಿನಗೆ ಬೆಂಕಿಯ ಕೆಲಸವೇ ಬೇಕೋ, ಆ ಐಸಿನ ಕೆಲಸವೇ ಸಾಕೋ ನೋಡೋಣ. ನನಗೆ ಒಂದೇ ಒಂದು ಖಾತ್ರಿಯಾಗಿ ಗೊತ್ತಿದೆ: ಗಂಡಸುತನ ಹೋಯ್ತು ಅಂತ ಊರು ಬಿಡುವಂಥದ್ದು ಇದಲ್ಲ. ಅದು ಹೋಗಿದ್ದರೆ ಈ ಮನೆಯಿಂದ ನನ್ನ ಕಾಲದಲ್ಲೇ ಹೋಗಿರಬೇಕಿತ್ತು, ನಿಮ್ಮಪ್ಪನೂ ಇರುತ್ತಿರಲಿಲ್ಲ, ನೀನೂ ಇರುತ್ತಿರಲಿಲ್ಲ, ಈ ಕಾಗದ ನಾನು ಯಾರಿಗೆ ಬರೀತಿದ್ದೆ?

ಅಲ್ಲಿ ಕ್ರೇಟುಗಳನ್ನ ಒಬ್ಬನೇ ಎತ್ತಬೇಡ. ಇದು ಡಾಕ್ಟರು ಹೇಳಿದ್ದಲ್ಲ, ನಾನು ಹೇಳ್ತಿರೋದು. ನಿನ್ನ ಜೊತೆ ಇರುವವರನ್ನ ಕೇಳಿದೆ ಅಂತ ಹೇಳು. ನೂರು ವರ್ಷ ಬಾಳು, ಇನ್ನು ಮೇಲಾದರೂ ಉದ್ದ ಬೆಳೆಯೋದು ನಿಲ್ಲಿಸು.

ಇಂತಿ, ಎಡಗಡೆಯೂ ಬಲಗಡೆಯೂ ನಿನ್ನವನೇ ಆದ
ತಾತ

ತಾ.ಕ.: ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಓದಿಕೊ. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿಮ್ಮಪ್ಪ ಒಳಗೆ ಬಂದ. ಯಾರಿಗೆ ಅಂದ. ನಿನಗೆ ಅಂದೆ. ಏನಂತ ಅಂದ. ಯಾರಿಗೂ ಹೇಳಬೇಡ ಅಂದಿದ್ದೆ ನೀನು, ಆದರೂ ಹೇಳಿಬಿಟ್ಟೆ. ಬೈಯುವುದಾದರೆ ಬೈ. ಕಣ್ಣಲ್ಲ, ಇದು, ಅಂತ ಎಲ್ಲ ಹೇಳಿದೆ. ಅವನು ನಿಂತೇ ಇದ್ದ, ಮೇಜಿನ ಅಂಚು ಹಿಡಿದುಕೊಂಡು. ಓಟದ ಮಾತಾಡಲಿಲ್ಲ, ಕೆಲಸದ ಮಾತಾಡಲಿಲ್ಲ. ‘ಅವನಿಗೆ ನೋವಿದೆಯಾ ಅಪ್ಪಾ?’ ಅಂದ. ಊರೆಲ್ಲ ಕೇಳಿಕೊಂಡು ಬಂದೆ ಮಗಾ, ನಿನ್ನನ್ನ ಅದೊಂದು ಕೇಳಿರಲಿಲ್ಲ. ಈಗ ಅವನೇ ನಿನ್ನ ಹತ್ತಿರಕ್ಕೆ ಹೊರಟಿದ್ದಾನೆ. ನಿಮ್ಮಮ್ಮನಿಗೆ ಲೋಡು ಇದೆ ಅಂತ ಹೇಳಿದ್ದಾನೆ, ಖಾಲಿ ವ್ಯಾನು. ಈ ಕಾಗದವೂ ಅವನ ಕೈಯಲ್ಲೇ ಬರುತ್ತೆ, ಅಂಟು ಹಚ್ಚಿರುತ್ತೆ, ಓದಿರಲ್ಲ. ಹೊರಗೆ ಹಾರನ್ ಹೊಡೀತಿದ್ದಾನೆ. ನಿನ್ನ ಮುಂದೆ ಬಂದು ನಿಂತಾಗ ಅವನಿಗೆ ಬಾಯಿ ಬರೋದಿಲ್ಲ, ವ್ಯಾನಿನ ಟೈರು ಒದ್ದು ನೋಡ್ತಾ ನಿಂತುಬಿಡ್ತಾನೆ. ಕೇಳೋಕೇ ಅಷ್ಟು ದೂರ ಬಂದಿದ್ದಾನೆ ಅಂತ ತಿಳ್ಕೊ. ಅವನು ಕೇಳುವ ತನಕ ಕಾಯಬೇಡ. ನೋವಿದ್ದರೆ ಇದೆ ಅನ್ನು.